ದೊಡ್ಡ ಅಳತೆಯ ಫ್ರಾಕು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಸೊಸೆಯ ನಮಸ್ಕಾರ.

ಮಂಡಿನೋವು ಹೇಗಿದೆ? ನಾದಿನಿಯ ಮನೆಯ ಮೆಟ್ಟಿಲು ಹತ್ತಿಳಿದು ಇನ್ನಷ್ಟು ಹೆಚ್ಚಿಸಿಕೊಂಡಿರುತ್ತೀರಿ, ನನಗೆ ಗೊತ್ತು. 'ಆಮೇಲೆ ಹಚ್ಕೋತೀನಿ' ಅನ್ನದೆ ಎಣ್ಣೆ ಹಚ್ಚಿಕೊಳ್ಳಿ. ನಿಮ್ಮ ಮಗ ಚೆನ್ನಾಗಿದ್ದಾರೆ. ಗ್ಯಾರೇಜಿನಿಂದ ಬಂದವರು ಈಗ ಅರ್ಧ ಸೋಪು ಕರಗುವ ತನಕ ಕೈ ತೊಳೆಯುತ್ತಾರೆ. ಮಗುವಿನ ಕೆನ್ನೆಗೆ ಮಸಿ ಹತ್ತುತ್ತದಂತೆ!

ಹೌದು ಅತ್ತೆ, ಮಗು ಮನೆಗೆ ಬಂದಳು. ಐದು ವರ್ಷದವಳು. ದತ್ತು ತೆಗೆದುಕೊಳ್ಳುವ ಮಾತು ಎದ್ದಾಗ ನೀವು, 'ಯಾರ ಮಗುನೋ ಏನೋ, ನಮ್ಮನ್ನ ಹಚ್ಕೊಳ್ಳುತ್ತಾ?' ಅಂದಿರಿ. ನನಗೆ ಬೇಜಾರಾಗಲಿಲ್ಲ, ಅದೇ ಹೆದರಿಕೆ ನನಗೂ ಇತ್ತು. ವರ್ಷಗಟ್ಟಲೆ ಆಸ್ಪತ್ರೆಗೆ ಅಲೆದು, ತಿಂಗಳು ತಿಂಗಳೂ ಕಣ್ಣೀರಿಟ್ಟು, ಕೊನೆಗೆ ದೇವರ ಜೊತೆ ಮಾತನ್ನೇ ಬಿಟ್ಟವಳು ನಾನು. ನನ್ನ ಪಾಲಿನದನ್ನೂ ಸೇರಿಸಿ ನೀವೇ ಕೈಮುಗಿಯುತ್ತಿದ್ದಿರಿ.

ಅವಳನ್ನು ಕರೆತರುವ ಮೊದಲು ಒಂದು ಫ್ರಾಕು ಹೊಲಿದಿಟ್ಟೆ. ಒಮ್ಮೆ ನೋಡಿದ್ದೇನಲ್ಲ, ಟೇಪು ಯಾಕೆ ಎಂಬ ಜಂಬ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದ ಹಾಗಾಯಿತು. ಬೀದಿಯವರಿಗೆಲ್ಲ ಕಣ್ಣಳತೆಯಲ್ಲೇ ಹೊಲಿದುಕೊಡುವ ನಾನು ತೊಡಿಸಿ ನೋಡಿದರೆ, ತೋಳು ಬೆರಳು ದಾಟಿ ಜೋತುಬಿದ್ದಿದೆ, ಅಂಚು ನೆಲ ಗುಡಿಸುತ್ತಿದೆ! ಆಗ ಹೊಳೆಯಿತು. ಮದುವೆಯಾದ ಹೊಸದರಲ್ಲಿ ಆಸೆಪಟ್ಟೆವಲ್ಲ, ಆ ಮಗು ಇಷ್ಟು ಹೊತ್ತಿಗೆ ಎಷ್ಟು ಬೆಳೆದಿರುತ್ತಿತ್ತೋ ಆ ಅಳತೆಗೆ ಹೊಲಿದುಬಿಟ್ಟಿದ್ದೆ. 'ಬಿಚ್ಚು ಪುಟ್ಟಾ, ಚಿಕ್ಕದು ಮಾಡ್ಕೊಡ್ತೀನಿ' ಎಂದು ಕತ್ತರಿ ತೆಗೆದೆ. ಅವಳು ಫ್ರಾಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, 'ಕತ್ತರಿಸ್ಬೇಡಿ. ನಾನು ಇಲ್ಲೇ ಇರ್ತೀನಲ್ಲ, ದೊಡ್ಡೋಳಾದ್ಮೇಲೆ ಸರಿಹೋಗುತ್ತೆ' ಅಂದಳು.

ನನಗೆ ಅಳು ತಡೆಯಲಾಗಲಿಲ್ಲ. ನಿಮ್ಮ ಮಗ ಗಾಬರಿಯಾಗಿ ನೀರು ತಂದರು, ಅದನ್ನೂ ಅರ್ಧ ನನ್ನ ಮೇಲೇ ಚೆಲ್ಲಿದರು. ಅಂಚು ಮಡಿಚಿ, ಮುಂದೆ ಬಿಚ್ಚಲು ಸುಲಭವಾಗಲೆಂದು ಕಚ್ಚಾ ಹೊಲಿಗೆ ಹಾಕಿಕೊಟ್ಟಿದ್ದೇನೆ. ಅದನ್ನೇ ತೊಟ್ಟು ಮನೆ ತುಂಬ ಓಡಾಡುತ್ತಾಳೆ. ಅಂದಿನಿಂದ ನಾನೂ ಕೈಮುಗಿಯುತ್ತೇನೆ ಅತ್ತೆ. ಏನನ್ನೂ ಬೇಡುವುದಿಲ್ಲ, ಸುಮ್ಮನೆ ಸ್ವಲ್ಪ ಹೊತ್ತು ನಿಂತಿರುತ್ತೇನೆ. ಮನಸ್ಸು ಹಗುರವಾಗಿದೆ.

ನಾದಿನಿಗೂ ಮಕ್ಕಳಿಗೂ ನನ್ನ ಪ್ರೀತಿ ತಿಳಿಸಿ. ನಿಮ್ಮ ಆಶೀರ್ವಾದ ಇನ್ನು ನಮ್ಮ ಮೂವರ ಮೇಲೂ ಇರಲಿ.

ಇಂತಿ ನಿಮ್ಮ
ಸೊಸೆ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಗು ಬಂದು, 'ಯಾರಿಗೆ ಬರೀತಿದೀರಾ?' ಎಂದಳು. 'ಅಜ್ಜಿಗೆ' ಎಂದೆ. 'ನನಗೂ ಅಜ್ಜಿನಾ?' ಎಂದು ಕೇಳಿ, ನನ್ನ ಮುಖವನ್ನೇ ನೋಡುತ್ತಾ ಕುಳಿತಿದ್ದಾಳೆ. ಇದಕ್ಕೆ ನಾನು ಉತ್ತರ ಹೇಳಿದರೆ ಸಾಲದು ಅತ್ತೆ, ನೀವೇ ಬಂದು ಹೇಳಬೇಕು.