ಬೇಲಿಯಲ್ಲೊಂದು ತಡಮೆ

ಬರೋಡಾ
೧೨-೬-೧೯೬೪

ಪೂಜ್ಯ ಅಣ್ಣನವರಿಗೆ ಜನಾರ್ದನನ ನಮಸ್ಕಾರ.

ಹೋಟೆಲಿನ ಹೊಗೆ ಸಾಕಾಗಿ ಕೊನೆಗೂ ಒಂದು ಹೊಲ ಕೊಂಡೆ. ಬಸ್ಸಿಳಿದ ಮೇಲೂ ಎರಡು ಹರದಾರಿ ನಡೆಯಬೇಕಾದ ಹಳ್ಳಿ. ಸಹಿ ಹಾಕುವ ಮುಂಚೆ ನಮ್ಮೂರಿನ ಅಭ್ಯಾಸದಂತೆ, "ಈ ಜಾಗದ ನಾಗನ ಕಲ್ಲು ಎಲ್ಲಿದೆ?" ಎಂದು ಕೇಳಿಬಿಟ್ಟೆ. ಏನು ಕೇಳುತ್ತಿದ್ದೇನೆಂದು ತಿಳಿಯದೆ ಎಲ್ಲರೂ ನಕ್ಕರು. ಹೊಲ ಮಾರಿದ ಮುದುಕ ಮಾತ್ರ ನಗಲಿಲ್ಲ. ಕೈಹಿಡಿದು ಮೂಲೆಯ ಹಿಪ್ಪೆಮರದ ಬುಡಕ್ಕೆ ಕರೆದೊಯ್ದ. ಅಲ್ಲಿ ಅವನ ಹಿರಿಯರು ಹರಕೆಯಿಟ್ಟ ಮಣ್ಣಿನ ಕುದುರೆಗಳಿದ್ದವು.

"ಶೇಠ್, ವರ್ಷಕ್ಕೊಂದು ಕುದುರೆ ಇಟ್ಟು ಹೋಗಲಾ?" ಎಂದ.

ಬೇಲಿ ಹಾಕಿಸುವಾಗ ಆ ಮೂಲೆಯಲ್ಲಿ ಅವನು ದಾಟಿ ಬರಲೆಂದು ತಡಮೆ ಬಿಡಿಸಿದೆ. ದನ ನುಗ್ಗುತ್ತದೆಂದು ಮನೆಯಲ್ಲಿ ಶಾರದಾ ಸಿಡುಕಿದಳು. ನಾಗನ ಕಲ್ಲಿದ್ದ ನಮ್ಮ ಗದ್ದೆ ಪಾಂಡುರಂಗ ರಾಯರಿಗೆ ಮಾರಿದ ಮೇಲೆ ಅಮ್ಮ ನಾಗರಪಂಚಮಿಗೆ ಅವರ ಬೇಲಿಯ ಹೊರಗೇ ಹಾಲಿಟ್ಟು ಬರುತ್ತಾಳೆಂದು ನೀವು ಬರೆದಿದ್ದ ಕಾಗದ ಓದಿ ಹೇಳಿದೆ. ತಡಮೆ ಇರಲಿ ಎಂದಳು.

ಒಳ್ಳೆಮೆಣಸಿನ ನಾಲ್ಕು ಬಳ್ಳಿ ಕಳಿಸಿ. ಪಂಚಮಿಗೆ ಮೊದಲು ರಾಯರ ಮನೆಗೊಮ್ಮೆ ಹೋಗಿ, ನಾನು ಹೊಲ ಕೊಂಡದ್ದನ್ನು ಹೇಳಿ. ತಡಮೆಯ ವಿಷಯವನ್ನೂ ಹೇಳಿ. ಬೇರೇನೂ ಕೇಳಬೇಡಿ.

ನಿಮ್ಮ ತಮ್ಮ,
ಜನಾರ್ದನ