ಡಿಶ್ಶಿಗೆ ಸಿಕ್ಕದ ಊರು

ಜನವರಿ 12, ಸೋಮವಾರ

ಮತ್ತೆ ಜಾಗ ಬದಲು. ಇದ್ದ ಜಾಗದಲ್ಲಿ ಒಂದು ಮರವಿತ್ತು. ಈ ಅರಿಜೋನಾ ಮರುಭೂಮಿಯಲ್ಲಿ ನನ್ನ ಪಾಲಿಗೆ ಸಿಕ್ಕ ಒಂದೇ ಒಂದು ಮರ. ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದೆ. ನನ್ನ ಗಂಡ ರೇನೋಗೆ ಸಹಿಸಲಾಗಲಿಲ್ಲ. ಮರ ದಕ್ಷಿಣಕ್ಕಿದೆಯಂತೆ. ಟಿವಿಯ ಉಪಗ್ರಹವೂ ದಕ್ಷಿಣಕ್ಕೇ ಇದೆಯಂತೆ.

"ಡಿಶ್ಶೇ ಇನ್ನೂ ತಂದಿಲ್ಲ, ಮರ ಹೇಗೆ ಅಡ್ಡ ಬರುತ್ತೆ?" ಅಂದೆ.

"ಇವತ್ತಲ್ಲ ನಾಳೆ ತರ್ತೀವಲ್ಲ. ಆಗ ಬಸ್ಸು ಎಳೆದಾಡೋದು ಯಾರು?"

"ಈಗ ಎಳೆದಾಡಿದ್ದು ಯಾರು?"

ದಿಕ್ಸೂಚಿ ಹಿಡಿದು ಬಸ್ಸಿನ ಸುತ್ತ ಹೊರಟ. ಬದುಕೆಲ್ಲ ಕಬ್ಬಿಣದ ಗಣಿಯಲ್ಲಿ ನೆಲ ಅಗೆದ ಗಂಡಸು. ನಿವೃತ್ತಿಯಾಗಿ ಮನೆ ಮಾರಿ, ಮಲಗುವ ಕೋಣೆ, ಒಲೆ, ಶೌಚಾಲಯ ಎಲ್ಲ ಇರುವ ಈ ಬಸ್ಸು ಕೊಂಡ. ಈಗ ಬೆಳಗಾದರೆ ಆಕಾಶ ನೋಡುತ್ತಾನೆ.

ಕುರ್ಚಿ ಬಿಸಿಲಿನಲ್ಲಿದೆ. ನಾನು ಒಳಗೆ ಕೂತು ಇದನ್ನು ಗೀಚುತ್ತಿದ್ದೇನೆ.

ಜನವರಿ 14, ಬುಧವಾರ

ಪಕ್ಕದ ಬಸ್ಸಿನ ಬರ್ಡೆಟ್ ಬಂದಿದ್ದ. ಇಲ್ಲಿ ಯಾರಾದರೂ ಡಿಶ್ ಕೊಳ್ಳುತ್ತಾರೆಂದರೆ ಸಾಕು, ಗಂಡಸರೆಲ್ಲ ಹೆಣ್ಣು ನೋಡಲು ಬಂದ ನೆಂಟರ ಹಾಗೆ ಸೇರುತ್ತಾರೆ. ಬರ್ಡೆಟ್ ಅವರಿಗೆಲ್ಲ ಹಿರಿಯ. ನನ್ನ ನಿಸು, ಅಂದರೆ ಫಿನ್ಲೆಂಡಿನ ಕಡೆಯ ಸಿಹಿ ರೊಟ್ಟಿ, ಕೇಳಿ ಕೇಳಿ ಹಾಕಿಸಿಕೊಂಡು ತಿಂದ. ಏಲಕ್ಕಿ ಜಾಸ್ತಿ ಆಯ್ತು ಎಂದೂ ಹೇಳಿದ.

"ನೋಡು ರೇನೋ, ಇರೋದು ಎರಡೇ ದಾರಿ. ಛಾವಣಿ ಮೇಲೆ ಹಾಕಿಸ್ಕೋ. ಒಳಗಿಂದ ಹ್ಯಾಂಡಲ್ ತಿರುಗಿಸಿದ್ರೆ ಡಿಶ್ ಎದ್ದು ನಿಲ್ಲುತ್ತೆ. ಬಸ್ಸಲ್ಲೇ ವಾಸ ಅಂತ ಬರ್ಕೊಟ್ರೆ ಆ ಕಂಪನಿಯವರು ನ್ಯೂಯಾರ್ಕ್ ಚಾನೆಲ್ ಕೊಡ್ತಾರೆ. ದೇಶದಲ್ಲಿ ಎಲ್ಲಿ ನಿಂತ್ರೂ ಅದೇ ನ್ಯೂಯಾರ್ಕ್, ತಲೆನೋವೇ ಇಲ್ಲ. ಇನ್ನೊಂದು ಕಂಪನಿದು ಮುಕ್ಕಾಲಿ ಮೇಲಿನ ಡಿಶ್. ನೆಲದ ಮೇಲಿಟ್ಟು ಕೈಯಲ್ಲೇ ತಿರುಗಿಸ್ತಾ ಸಾಯ್ಬೇಕು. ಹೋದ ಹೋದ ಕಡೆ ಫೋನ್ ಮಾಡಿ ವಿಳಾಸ ಬದಲಾಯಿಸ್ಬೇಕು. ಆಗ ಆಯಾ ಊರಿನ ಚಾನೆಲ್ ಬರುತ್ತೆ."

"ನಮ್ಮೂರಿನ ಚಾನೆಲ್?" ಅಂದೆ ನಾನು.

"ಯಾವೂರು ನಿಮ್ದು?"

"ಮಿಶಿಗನ್. ಸುಪೀರಿಯರ್ ಸರೋವರದ ದಂಡೆ."

ನಕ್ಕ. "ಅದು ಅಲ್ಲಿ ಮಾತ್ರ ಬರೋದು ಐಲಿ. ಊರಿನ ಚಾನೆಲ್ ಆ ಸುತ್ತಮುತ್ತ ಅಷ್ಟೇ ಬೀಳೋ ಹಾಗೆ ಬಿಡ್ತಾರೆ, ಮೇಲಿಂದ ಟಾರ್ಚ್ ಬಿಟ್ಟ ಹಾಗೆ. ಇಲ್ಲಿಗೆ ಕತ್ತಲೆ. ಅಲ್ಲಮ್ಮಾ, ಅಲ್ಲಿಯ ಹಿಮದ ಸುದ್ದಿ ಕಟ್ಕೊಂಡು ನಿನಗೇನಾಗ್ಬೇಕು? ಹಿಮ ಬೇಡ ಅಂತಾನೇ ಬಂದಿದ್ದಲ್ವಾ?"

ಆ ಹಿಮದ ಸುದ್ದಿ ಹೇಳುವವಳು ನನ್ನ ಮಗಳು. ಹೇಳಲಿಲ್ಲ. ರೇನೋ ಕೂಡ ಹೇಳಲಿಲ್ಲ, ತಟ್ಟೆಯ ಚೂರು ಹೆಕ್ಕುತ್ತಿದ್ದ. ದಿನಾ ಬೆಳಿಗ್ಗೆ ಮಾರ್ನಿ ಅಲ್ಲಿಯ ಟಿವಿಯಲ್ಲಿ ನಕ್ಷೆಯ ಮುಂದೆ ನಿಂತು ಇವತ್ತು ಎಷ್ಟು ಚಳಿ, ಯಾವ ರಸ್ತೆ ಬಂದ್ ಎಂದು ಇಡೀ ಸೀಮೆಗೆ ಹೇಳುತ್ತಾಳೆ. ನಮಗೆ ಮಾತ್ರ ಏನೂ ಹೇಳುವುದಿಲ್ಲ. ಮನೆ ನನಗೆ ಬೇಕು, ಸ್ವಲ್ಪ ತಡೀರಿ ಎಂದು ಕೇಳಿದ್ದಳು. ಅವಳಪ್ಪ ತಡೆಯಲಿಲ್ಲ. ಶಿಕಾಗೋದ ಹಲ್ಲಿನ ಡಾಕ್ಟರಿಗೆ ಕೊಟ್ಟು ಬಂದ ಮೇಲೆ ಊಟದ ಮೇಜಿನಲ್ಲಿ ಹೇಳಿದ. ಮಾರ್ನಿ ಚಮಚ ಇಟ್ಟು ಎದ್ದು ಹೋದಳು. ಅಷ್ಟೇ.

ನನಗೆ ಬೇರೇನೂ ಬೇಡ. ಬೆಳಿಗ್ಗೆ ಒಂದು ಸಲ ಅವಳ ಮುಖ ಕಂಡರೆ ಸಾಕು. ಮಾತಾಡದಿದ್ದರೂ ಸರಿ.

ಜನವರಿ 20

ಛಾವಣಿಯ ಡಿಶ್ ಬಂತು. ನ್ಯೂಯಾರ್ಕ್. ನನ್ನನ್ನು ಒಂದು ಮಾತು ಕೇಳಲಿಲ್ಲ. ಮನೆ ಮಾರುವಾಗ ಕೇಳದವನು ಡಿಶ್ಶಿಗೆ ಕೇಳುತ್ತಾನೆಯೇ?

"ಎರಡರಲ್ಲಿ ಯಾವುದು ತಂದ್ರೂ ನಿನಗೆ ಬೇಕಾದ್ದು ಇಲ್ಲಿ ಬರಲ್ಲ ಅಂದ್ನಲ್ಲ ಅವ್ನು," ಎಂದ.

ಸತ್ಯವೇ. ಆದರೂ ಕೇಳಬಹುದಿತ್ತು.

ಈಗ ಮರುಭೂಮಿಯಲ್ಲಿ ಕೂತು ನ್ಯೂಯಾರ್ಕಿನ ಟ್ರಾಫಿಕ್ ನೋಡುತ್ತಾನೆ. ಯಾವುದೋ ಸೇತುವೆಯ ಮೇಲೆ ಲಾರಿ ಕೆಟ್ಟಿದೆ ಎಂದು ಚಿಂತೆ ಮಾಡುತ್ತಾನೆ. ಹುಚ್ಚ.

ಫೆಬ್ರವರಿ 8, ಭಾನುವಾರ

ಮಾರ್ನಿಗೆ ಫೋನ್ ಮಾಡಿದೆ. ಎತ್ತಿದಳು! ನವೆಂಬರಿನ ಹಬ್ಬದ ಟರ್ಕಿ ಕೋಳಿ ಊಟದ ದಿನದ ನಂತರ ಇದೇ ಮೊದಲು.

"ಹೇಳಮ್ಮಾ."

"ಏನಿಲ್ಲ ಪುಟ್ಟಾ. ಹೇಗಿದೀಯ ಅಂತ."

"ಚೆನ್ನಾಗಿದೀನಿ. ಎಲ್ಲಿದೀರಾ?"

"ಅರಿಜೋನಾ."

"ಬಿಸಿಲಾ?"

"ಬಿಸಿಲು."

"ಸರಿ. ಅಪ್ಪ ಖುಷಿಯಾಗಿರ್ಬೇಕು." ಏನೋ ಹೇಳಲು ಬಂದ ಹಾಗಾಯಿತು. "ಕೆಲಸ ಇದೆ ಅಮ್ಮಾ, ಇಡ್ತೀನಿ."

ಹೆತ್ತ ತಾಯಿಯ ಹತ್ತಿರ ಹವಾಮಾನ ಕೇಳಿ ಫೋನ್ ಇಟ್ಟಳು! ಮತ್ತೆ ಮಾಡಿದೆ, ಎತ್ತಲಿಲ್ಲ.

"ಏನಂದ್ಲು?" ಎಂದ ರೇನೋ, ಟಿವಿಯಿಂದ ಕಣ್ಣು ಕೀಳದೆ.

"ನ್ಯೂಯಾರ್ಕಿನವರನ್ನ ಕೇಳು."

"ಅವಳಿಗೆ ಬೇಕಿದ್ರೆ ಅವಳೇ ಮಾಡ್ತಾಳೆ ಕಣೇ. ನಾನೇನು ಕಾಲು ಹಿಡೀಲಾ?"

ಹಿಡಿದರೆ ಏನು ಸವೆದುಹೋಗುತ್ತದೆ? ಜೋರಾಗಿಯೇ ಕೇಳಿದೆ. ಟಿವಿ ಸದ್ದು ಹೆಚ್ಚಿಸಿದ.

ಮಾರ್ಚ್ 27, ಶುಕ್ರವಾರ

ಸೆಕೆ ಶುರು. ಎಲ್ಲರೂ ಗಂಟುಮೂಟೆ ಕಟ್ಟುತ್ತಿದ್ದಾರೆ. ಬರ್ಡೆಟ್ ಒರೆಗನ್‌ಗೆ ಹೊರಟಿದ್ದಾನಂತೆ. ನಾವೂ ಅಲ್ಲಿಗೇ ಅಂತೆ! ಇದು ನನಗೆ ಬರ್ಡೆಟ್‌ನ ಬಾಯಿಂದ ಗೊತ್ತಾಗಬೇಕು.

"ನಾನು ಊರಿಗೆ ಹೋಗ್ಬೇಕು," ಅಂದೆ.

"ಮನೇನೇ ಇಲ್ಲ, ಎಲ್ಲಿಗೆ ಹೋಗ್ತೀಯ?"

"ಮನೆ ಮಾರಿದ್ದು ಯಾರು?"

"ಸಹಿ ನೀನೂ ಹಾಕಿದೀಯ."

"ಎಲ್ಲಾ ಮುಗಿಸ್ಕೊಂಡು ಬಂದು ಕೈಗೆ ಪೆನ್ನು ಕೊಟ್ಟೆ. ತಿನ್ನೋದಾ ಅದನ್ನ?"

"ಅಲ್ಲಿಗೆ ಹೋಗಿ ಏನು ಮಾಡೋಣ ಐಲಿ? ಮಾರ್ನಿ ಬಾಗಿಲು ತೆಗೀದೆ ಇದ್ರೆ? ಬೀದೀಲಿ ಬಸ್ಸು ನಿಲ್ಸ್ಕೊಂಡು ಕೂರೋದಾ, ಊರೆಲ್ಲ ನೋಡೋ ಹಾಗೆ?"

ಓ. ಇದು ಅವನ ಭಯ. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಒರೆಗನ್‌ಗೆ ನೀನೊಬ್ಬನೇ ಹೋಗು ಎಂದು ಬಾಗಿಲು ಬಡಿದೆ. ಬಸ್ಸಿನ ಬಾಗಿಲು ಬಡಿದರೂ ಏನು ಸುಖ, ಅದೇ ಬಸ್ಸಿನೊಳಗೆ ವಾಪಸ್ ಬರಬೇಕು.

ಮಾತು ಬಿಟ್ಟಿದ್ದೇನೆ.

ಮಾರ್ಚ್ 30, ಸೋಮವಾರ

ನಗಬೇಕೋ ಸಿಟ್ಟಾಗಬೇಕೋ ಗೊತ್ತಾಗುತ್ತಿಲ್ಲ.

ಬಸ್ಸಿನವರಿಗೆಲ್ಲ ಒಂದು ಪದ್ಧತಿ. ಹೊರಡುವ ಮುಂಚೆ ಒಬ್ಬರು ಸ್ಟೀರಿಂಗ್ ಹಿಡಿದು ಕೂರಬೇಕು, ಇನ್ನೊಬ್ಬರು ಸುತ್ತ ಹೋಗಿ ಕೂಗಬೇಕು. ಮೆಟ್ಟಿಲು ಒಳಗೆ? ಒಳಗೆ. ನೀರಿನ ಪೈಪ್? ಬಿಚ್ಚಿದೆ. ಡಿಶ್ ಕೆಳಗೆ? ಕೆಳಗೆ. ನಮ್ಮಲ್ಲಿ ಕೂಗುವವಳು ನಾನು. ಇವತ್ತು ಕೂಗಲಿಲ್ಲ. ಮೆಟ್ಟಿಲು, ಪೈಪ್ ನೋಡಿಕೊಂಡು ಸುಮ್ಮನೆ ಬಂದು ಬೆಲ್ಟ್ ಹಾಕಿಕೊಂಡೆ. ಅವನೂ ಕೇಳಲಿಲ್ಲ. ಬೆಳಗಿನ ನ್ಯೂಯಾರ್ಕ್ ನೋಡಿ ಡಿಶ್ಶನ್ನು ಹಾಗೇ ನಿಲ್ಲಿಸಿದ್ದಾನೆಂದು ಇಬ್ಬರಿಗೂ ನೆನಪಿಲ್ಲ.

ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕಿನ ಮಾಡಿಗೆ ಹೋಗಿ ಹೊಡೆಯಿತು. ಆ ಸದ್ದು! ಬಸ್ಸಿನ ನೆತ್ತಿಯನ್ನೇ ಕಿತ್ತ ಹಾಗೆ. ಡಿಶ್ ಹಿಂದಿನ ಗಾಜಿನ ಮೇಲಿಂದ ಜಾರಿ ಕೆಳಗೆ ಬಿತ್ತು.

"ಡಿಶ್ ಕೆಳಗಿದೆಯಾ ಅಂತ ಕೂಗ್ಬೇಕಿತ್ತು ನೀನು!" ಎಂದು ಕಿರುಚಿದ.

"ಮಾತು ಬಿಟ್ಟಿದ್ದೆ."

"ಇದಕ್ಕೂನಾ?"

"ಇದಕ್ಕೂ."

ಹಿಂದೆ ಬರುತ್ತಿದ್ದ ಬರ್ಡೆಟ್ ಇಳಿದು ಬಂದು ತಲೆ ಅಲ್ಲಾಡಿಸಿದ. ಮೊದಲ ವರ್ಷ ಎಲ್ಲರಿಗೂ ಆಗುತ್ತೆ ಎಂದು ಸಮಾಧಾನ ಹೇಳಿ, ತನ್ನ ಪಾಡಿಗೆ ಒರೆಗನ್‌ಗೆ ಹೋದ. ರೇನೋ ಮುರಿದ ಡಿಶ್ಶನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ. ನನಗೆ ಖುಷಿಯಾಯಿತು. ಇಲ್ಲಿ ಯಾರೂ ಓದುವುದಿಲ್ಲ, ಬರೆದೇ ಬಿಡುತ್ತೇನೆ. ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಅವನ ಬೋಳು ತಲೆ ಬಿಸಿಲಿಗೆ ಕೆಂಪಾಗಿದ್ದು ನೋಡಿ ಟೋಪಿ ಕೊಟ್ಟೆ.

ಏಪ್ರಿಲ್ 2

ನ್ಯೂ ಮೆಕ್ಸಿಕೋ. ಛಾವಣಿಯ ತೂತಿಗೆ ತೇಪೆ ಹಾಕುವವನು ಇಲ್ಲೇ ಸಿಕ್ಕಿದ್ದು, ಅದಕ್ಕೇ ಒರೆಗನ್ ದಾರಿ ಬಿಟ್ಟು ಬಂದು ನಿಂತಿದ್ದೇವೆ. ಪಕ್ಕದಲ್ಲೇ ಡಿಶ್ ಅಂಗಡಿ. ಈ ಸಲ ಒಳಗೆ ಹೋದದ್ದು ನಾನು. ಅವನು ಹಿಂದೆ ಹಿಂದೆ ಬಂದ.

ಅಂಗಡಿಯವಳು ನ್ಯೂಯಾರ್ಕ್ ಚಾನೆಲ್‌ನ ಗುಣಗಾನ ಮಾಡತೊಡಗಿದಳು. ಬೇಡಮ್ಮಾ ಅಂದೆ. ಮುಕ್ಕಾಲಿ ಕೊಡು. ಆಯಾ ಊರಿನ ಚಾನೆಲ್ ಬರುವಂಥದ್ದು.

"ಊರೂರಲ್ಲೂ ಫೋನ್ ಮಾಡೋದು ಯಾರು?" ಎಂದ ರೇನೋ.

"ನಾನು."

"ಬಿಸಿಲಲ್ಲಿ ನಿಂತು ತಿರುಗಿಸೋದು?"

"ನೀನು."

"ಇದು ಮಿಶಿಗನ್‌ಗೆ ಹೋದ್ರೆ ಮಾತ್ರ ನಿನಗೆ ಉಪಯೋಗ."

"ಗೊತ್ತಲ್ಲ. ಮತ್ತೆ ನಡಿ."

ಅಂಗಡಿಯವಳು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. ಮುಕ್ಕಾಲಿ ತಂದು ಮೇಜಿನ ಮೇಲಿಟ್ಟಳು. ಜಾಣೆ.

ಏಪ್ರಿಲ್ 19, ಭಾನುವಾರ

ಕಾನ್ಸಾಸ್. ಇನ್ನೂ ಕಾನ್ಸಾಸ್! ಉತ್ತರಕ್ಕೆ ಹೋದಷ್ಟೂ ಬಸ್ಸಿಗೆ ಹೊಸ ಹೊಸ ಕಾಯಿಲೆ. ಮೊನ್ನೆ ಬ್ರೇಕು, ನಿನ್ನೆ ಟೈರು, ಇವತ್ತು ಏನೋ ವಾಸನೆಯಂತೆ. ನನಗಂತೂ ಯಾವ ವಾಸನೆಯೂ ಬರುತ್ತಿಲ್ಲ. ಬರುವುದು ಅವನ ಹೆದರಿಕೆಯ ವಾಸನೆ.

ಪ್ರತಿ ಊರಲ್ಲೂ ಒಬ್ಬಳು ಹುಡುಗಿ ನಕ್ಷೆಯ ಮುಂದೆ ನಿಂತಿರುತ್ತಾಳೆ. ಟೆಕ್ಸಸ್‌ನಲ್ಲಿ ಒಬ್ಬಳು, ಒಕ್ಲಹೋಮದಲ್ಲಿ ಒಬ್ಬಳು. ಸುಂಟರಗಾಳಿ ಬರುತ್ತೆ ಹುಷಾರು ಎಂದು ನಗುನಗುತ್ತಾ ಹೇಳುತ್ತಾರೆ. ಇವರ ಅಮ್ಮಂದಿರು ಮನೆಯಲ್ಲಿ ಕೂತು ಕೂದಲು ಚೆನ್ನಾಗಿಲ್ಲ, ಆ ಬಣ್ಣ ಒಪ್ಪಲ್ಲ ಎನ್ನುತ್ತಿರುತ್ತಾರೆ. ಹೊಟ್ಟೆಕಿಚ್ಚಾಗುತ್ತದೆ. ಅಷ್ಟೇ.

ಮೇ 12

ವಿಸ್ಕಾನ್ಸಿನ್. ಕೊನೆಗೂ! ಆದರೆ ಸುತ್ತಲೂ ಪೈನ್ ಕಾಡು. ಡಿಶ್ಶಿಗೆ ಅಂಗೈಯಗಲ ಆಕಾಶವೂ ಸಿಗಲಿಲ್ಲ. ರೇನೋ ಮುಕ್ಕಾಲಿ ಹೊತ್ತು ಕಾಡೆಲ್ಲ ಅಲೆದ. ಮರುಭೂಮಿಯಲ್ಲಿ ಒಂದೇ ಒಂದು ಮರ ಕೊಟ್ಟ ದೇವರು ಇಲ್ಲಿ ಎಲ್ಲವನ್ನೂ ತಂದು ನೆಟ್ಟಿದ್ದಾನೆ.

ನಾಳೆ ಮಿಶಿಗನ್ ಗಡಿ ದಾಟುತ್ತೇವೆ. ಅವನು ಹೇಳಿಲ್ಲ. ನಾನು ಹೇಳಿದ್ದೇನೆ.

ಮೇ 13, ಬುಧವಾರ, ಸಂಜೆ

ಮಿಶಿಗನ್. ಬಯಲಿನಲ್ಲಿ ನಿಂತಿದ್ದೇವೆ, ದಕ್ಷಿಣಕ್ಕೆ ಒಂದು ಕಡ್ಡಿಯೂ ಅಡ್ಡವಿಲ್ಲ. ಊರಿಗೆ ಇನ್ನೆರಡು ಗಂಟೆಯ ದಾರಿ. ಇಲ್ಲಿಂದ ಮುಂದೆ ಬೇಡ ಎಂದ. ಟಿವಿಯಲ್ಲಿ ನೋಡು, ಸಾಕಲ್ಲ, ನೀನು ಕೇಳಿದ್ದೂ ಅಷ್ಟೇ ತಾನೇ ಎಂದ.

ಕೇಳಿದ್ದು ಅಷ್ಟೇ. ನನ್ನ ಮಾತನ್ನೇ ನನ್ನ ಮೇಲೆ ಎಸೆದ. ಎರಡು ಗಂಟೆಯ ದಾರಿಯಲ್ಲಿ ಕೂತು ಮಗಳನ್ನು ಆಕಾಶದಿಂದ ಇಳಿಸಿಕೊಂಡು ನೋಡಬೇಕು. ಇದಕ್ಕಿಂತ ಅವಮಾನ ಇನ್ನೇನಿದೆ?

ಆದರೂ ಕಂಪನಿಗೆ ಫೋನ್ ಮಾಡಿ ವಿಳಾಸ ಬದಲಾಯಿಸಿದೆ.

ಮೇ 14, ಗುರುವಾರ, ಬೆಳಿಗ್ಗೆ

ಬರೆಯುತ್ತೇನೆ. ಬರೆಯದಿದ್ದರೆ ಏನಾದರೂ ಒಡೆದುಹಾಕುತ್ತೇನೆ.

ಜೋರು ಗಾಳಿ. ಮುಕ್ಕಾಲಿ ನಿಲ್ಲುತ್ತಿರಲಿಲ್ಲ. ರೇನೋ ಹೊರಗೆ ಅದನ್ನು ತಬ್ಬಿ ಹಿಡಿದು ನಿಂತಿದ್ದ, ನಾನು ಒಳಗೆ ಟಿವಿಯ ಮುಂದೆ.

"ಬಂತಾ?"

"ಇಲ್ಲ. ಸ್ವಲ್ಪ ಎಡಕ್ಕೆ."

"ಈಗ?"

ಬಂತು. ಮಾರ್ನಿ. ನಕ್ಷೆಯ ಮುಂದೆ, ನೀಲಿ ಬಟ್ಟೆ. ಕೂದಲು ಕತ್ತರಿಸಿದ್ದಾಳೆ, ಚೆನ್ನಾಗಿಲ್ಲ. ಸರೋವರದ ಕಡೆ ಕೈ ತೋರಿಸಲು ಪಕ್ಕಕ್ಕೆ ತಿರುಗಿದಳು. ತುಂಬಿದ ಹೊಟ್ಟೆ. ಇವತ್ತೋ ನಾಳೆಯೋ ಎನ್ನುವಂಥ ಹೊಟ್ಟೆ.

ಸುದ್ದಿ ಓದುವವನು ನಗುತ್ತಾ ಕೇಳಿದ. "ನಾಳೆಯಿಂದ ರಜೆ ಅಲ್ವಾ ಮಾರ್ನಿ? ಅಜ್ಜ ಅಜ್ಜಿ ಕುಣೀತಿರ್ಬೇಕು!"

ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. "ಕುಣೀತಿದಾರೆ. ದಾರೀಲಿದಾರೆ, ಬರ್ತಾ ಇದಾರೆ."

ಆಮೇಲೆ ಮಧ್ಯಾಹ್ನದ ಗಾಳಿಯ ವಿಚಾರ ಹೇಳಿದಳು.

ಸುಳ್ಳಿ! ಹಲ್ಲು ಬಿಟ್ಟುಕೊಂಡು ಇಡೀ ಸೀಮೆಯ ಮುಂದೆ ಸುಳ್ಳು! ಅವಳು ಬಸುರಿ ಅಂತ ಊರಿನ ಪೆಟ್ರೋಲ್ ಬಂಕಿನವನಿಗೆ ಗೊತ್ತು, ಚರ್ಚಿನ ಹೆಂಗಸರಿಗೆ ಗೊತ್ತು, ನನ್ನ ಅಡುಗೆಮನೆಯಲ್ಲಿ ಕೂತು ತಿಂಡಿ ತಿನ್ನುವ ಆ ಹಲ್ಲಿನ ಡಾಕ್ಟರಿಗೂ ಗೊತ್ತು. ಹೆತ್ತವಳಿಗೆ ಗೊತ್ತಿಲ್ಲ. ಫೆಬ್ರವರಿಯಲ್ಲಿ ಫೋನ್ ಮಾಡಿದಾಗ ಬಿಸಿಲಾ ಅಂತ ಕೇಳಿದಳಲ್ಲ, ಆಗಲೂ ಇತ್ತು ಮಗು!

"ಬಂತೋ ಇಲ್ವೋ? ಕೈ ಬಿದ್ದುಹೋಗ್ತಿದೆ!" ರೇನೋ ಹೊರಗಿಂದ ಕೂಗುತ್ತಿದ್ದ. ಮುಕ್ಕಾಲಿ ಬಿಟ್ಟು ಒಳಗೆ ಬಂದ. ಚಿತ್ರ ಚೂರುಚೂರಾಗಿ ನಿಂತಿತು.

"ಯಾಕೆ ಅಳ್ತಿದೀಯ?"

"ಅಳ್ತಿಲ್ಲ. ಸಿಟ್ಟು."

ಹೇಳಿದೆ. ಕೂತುಬಿಟ್ಟ. ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ.

"ದಾರೀಲಿದಾರೆ ಅಂದ್ಲಾ?"

"ಅಂದ್ಲು."

"ಇಬ್ರೂ ಅಂತಾನಾ?"

"ಅಜ್ಜ ಅಜ್ಜಿ ಅಂತ ಕೇಳಿದ್ದಕ್ಕೆ ಅಂದ್ಲು. ಇಬ್ರೂನೇ."

"ಯಾಕೆ ಹಾಗಂದ್ಲು ಐಲಿ? ನಾವು ಎಲ್ಲಿದೀವಿ ಅಂತಾನೇ ಗೊತ್ತಿಲ್ಲ ಅವಳಿಗೆ."

"ಮತ್ತೇನಂತಾಳೆ? ನಮ್ಮಪ್ಪ ಬಯಲಲ್ಲಿ ಡಿಶ್ ತಬ್ಕೊಂಡು ನಿಂತಿದಾನೆ ಅಂತಾಳಾ?"

ನಗುತ್ತಾನೆಂದುಕೊಂಡೆ. ಮುಖ ಮುಚ್ಚಿಕೊಂಡ. ಆಮೇಲೆ ಎದ್ದು ಹೊರಗೆ ಹೋದ. ಈಗ ಹೊರಡಲು ಕೇಬಲ್ ಸುತ್ತುತ್ತಿದ್ದಾನೆ. ಎಲ್ಲಿಗೆ ಎಂದು ನಾನು ಕೇಳಿಲ್ಲ.

ಸಿಟ್ಟು ಒಂದಿಷ್ಟೂ ಇಳಿದಿಲ್ಲ. ಇಳಿಸುವುದೂ ಇಲ್ಲ. ಮಾರ್ನಿ ಬಾಗಿಲು ತೆಗೆದ ಕೂಡಲೇ ಕೇಳುತ್ತೇನೆ. ಏನೇ, ಇಷ್ಟು ತಿಂಗಳು ಹೊತ್ತುಕೊಂಡು ಅಮ್ಮನಿಗೆ ಒಂದು ಮಾತು ಹೇಳೋಕೆ ನಾಲಿಗೆ ಬರಲಿಲ್ಲವಾ? ಕೂದಲು ಯಾಕೆ ಹಾಗೆ ಕತ್ತರಿಸಿದೆ? ಊಟ ಸರಿಯಾಗಿ ಮಾಡ್ತಿದೀಯಾ... ಅಲ್ಲ. ಅದೆಲ್ಲ ಆಮೇಲೆ. ಮೊದಲು ಕೇಳಬೇಕಾದ್ದು, ಒಳಗೆ ಬರಬಹುದಾ ಅಂತ.