ನಾಲ್ಕು ಕಿಟಕಿಗಳ ವಿಚಾರ

ಬುಧವಾರ, ಮಾರ್ಚ್ ೪
ಹನ್ನೊಂದನೇ ನಂಬರಿನ ಮನೆ

ಹೆಂಡತಿಯನ್ನು ಬಿಟ್ಟು ಕಿಟಕಿಗಳನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋದವರಿಗೆ, ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ಮಗಳು ಹೇಳಿದಳು, ನಾನೇನೂ ಕೇಳಿರಲಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವು ಮೂರನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಮಗಳ ಕೈಯಲ್ಲಿ ಕಳಿಸುವ ಈ ಪತ್ರದಲ್ಲಾದರೆ ನಾನು ಹೇಳಿ ಮುಗಿಸುವ ತನಕ ನೀವು ನಡುವೆ ಬಾಯಿ ಹಾಕುವಂತಿಲ್ಲ.

ವಿಷಯ ಇಷ್ಟು. ನಮ್ಮ ಬಡಾವಣೆಯನ್ನು ಪಾರಂಪರಿಕ ಪ್ರದೇಶವೆಂದು ಘೋಷಿಸಿ ಎಂದು ಹೋದ ವರ್ಷ ಅರ್ಜಿ ಹಾಕಿದೆವು. ಕಾರ್ಯದರ್ಶಿ ಯಾರಾಗುತ್ತೀರಿ ಎಂದಾಗ ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಂಡು ಕೂತರು, ಕೊನೆಗೆ ಅದು ನನ್ನ ತಲೆಗೇ ಬಂತು. ಮೂಲೆಯ ಮೂರು ಮನೆಗಳನ್ನು ಬಹುಮಹಡಿ ಕಟ್ಟಡದವರು ಆಗಲೇ ಕೊಂಡು ಬೀಗ ಜಡಿದಿದ್ದಾರೆ. ಮಾನ್ಯತೆ ಸಿಕ್ಕರೆ ಅವನ್ನು ಕೆಡವುವಂತಿಲ್ಲ. ಸಿಗದಿದ್ದರೆ ಒಬ್ಬರ ಹಿಂದೆ ಒಬ್ಬರು ಮಾರಿಕೊಂಡು ಹೋಗುತ್ತಾರೆ, ಎರಡು ವರ್ಷದಲ್ಲಿ ಬೀದಿಯೇ ಇರುವುದಿಲ್ಲ. ಆಮೇಲೆ ನಾನೆಲ್ಲಿಗೆ ಹೋಗಲಿ?

ಮೂವತ್ತು ಮನೆಗಳಲ್ಲಿ ಇಪ್ಪತ್ತರ ಮುಂಭಾಗ ಕಟ್ಟಿದಾಗ ಹೇಗಿತ್ತೋ ಹಾಗೇ ಇರಬೇಕು ಎಂಬುದು ನಿಯಮ. ಮೊದಲು ಎಣಿಸಿದಾಗ ಇಪ್ಪತ್ತಮೂರು ಇದ್ದವು, ನಾನು ಧೈರ್ಯವಾಗಿದ್ದೆ. ಕಚೇರಿಯಿಂದ ತಪಾಸಣೆಗೆ ಬರುತ್ತಾರೆ ಎಂದು ಮನೆಮನೆಗೂ ಚೀಟಿ ಹಂಚಿದೆ ನೋಡಿ, ಅಲ್ಲೇ ನಾನು ಎಡವಿದ್ದು. ಬರುವವರ ಎದುರು ಮನೆ ಲಕ್ಷಣವಾಗಿ ಕಾಣಲಿ ಎಂದು ಈ ಪುಣ್ಯಾತ್ಮರು ರಿಪೇರಿಗೆ ಇಳಿದರು! ಮೇಷ್ಟ್ರು ವರಾಂಡದ ಕೆಂಪು ನೆಲ ಅಗೆಸಿ ಟೈಲ್ಸ್ ಹಾಕಿಸಿದರು. ಟೈಲರಮ್ಮ ಹಂಚು ಇಳಿಸಿ ನೀಲಿ ಶೀಟು ಹೊದಿಸಿದಳು. ಔಷಧಿ ಅಂಗಡಿಯವರು ಇಟ್ಟಿಗೆಯ ಗೋಡೆಗೆ ಸಿಮೆಂಟು ಬಳಿಸಿದರು. ಬ್ಯಾಂಕಿನ ಕ್ಯಾಷಿಯರು ಕಲ್ಲುಕಂಬಗಳಿಗೆ ಹೊಳೆಯುವ ಪ್ಲಾಸ್ಟಿಕ್ ಹಲಗೆ ಸುತ್ತಿಸಿ, ಬಂದು ನೋಡಿ ಎಂದು ನನ್ನನ್ನೇ ಕರೆದರು. ಹೋಗಿ ನೋಡಿ ಹಣೆ ಚಚ್ಚಿಕೊಂಡೆ. ಹಳೇದನ್ನು ಉಳಿಸಿಕೊಳ್ಳಲು ಅರ್ಜಿ ಹಾಕಿದವರು ಅದನ್ನೇ ಕಿತ್ತೆಸೆದು ಕೈಕಟ್ಟಿ ನಿಂತಿದ್ದಾರೆ. ಈಗ ಉಳಿದಿರುವುದು ಹತ್ತೊಂಬತ್ತು.

ನಾಲ್ಕೂ ಮನೆಗೆ ಹೋಗಿ ಬಾಯಿ ನೋಯುವಷ್ಟು ಬೈದು ಬಂದೆ. ಮಾರನೇ ದಿನ ತಪಾಸಣೆಯ ಹುಡುಗಿ ಟೇಪು ಹಿಡಿದು ನಮ್ಮ ಮನೆ ಮುಂದೆಯೇ ನಿಂತಳು. ಕಿಟಕಿಗಳೇನಾದವು ಎಂದು ಕೇಳಿದಳು. ಬಡಗಿ ತೆಗೆದುಕೊಂಡು ಹೋದರು ಎಂದೆ. ಯಾವ ಬಡಗಿ ಎಂದಳು. ನನ್ನ ಗಂಡ ಎಂದೆ. ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು. ಬೀದಿಗೆಲ್ಲ ಬುದ್ಧಿ ಹೇಳಿದ ಕಾರ್ಯದರ್ಶಿಯ ಮನೆಗೇ ಅಲ್ಯೂಮಿನಿಯಂ ಕಿಟಕಿ. ಎದುರುಮನೆಯ ಟೈಲರಮ್ಮ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಬದಲಿಸಿದ್ದು ನಾನೇ, ಒಪ್ಪುತ್ತೇನೆ. ಆದರೆ ಯಾಕೆ ಬದಲಿಸಿದೆ ಎಂದು ಒಂದು ದಿನವಾದರೂ ಕೇಳಿದಿರಾ? ಊರವರ ಕಿಟಕಿಗಳನ್ನೆಲ್ಲ ಉಜ್ಜಿ ನುಣುಪು ಮಾಡುವ ಮನುಷ್ಯನಿಗೆ ಸ್ವಂತ ಮನೆಯ ಕಿಟಕಿ ಮಳೆಗೆ ಊದಿಕೊಂಡು ಮುಚ್ಚುವುದಿಲ್ಲ ಎಂಬುದು ಕಾಣಲಿಲ್ಲ. ನಾಳೆ, ನಾಡಿದ್ದು ಎಂದು ಎರಡು ಮಳೆಗಾಲ ಕಳೆದಿರಿ. ನೀವು ಕೆಲಸಕ್ಕೆ ಹೋದ ಹೊತ್ತು ನೋಡಿ ಬೇರೆಯವರನ್ನು ಕರೆಸಿ ಹಾಕಿಸಿದೆ. ಸಂಜೆ ಬಂದವರು ಹಿತ್ತಲಲ್ಲಿ ಬಿದ್ದಿದ್ದ ಕಿಟಕಿಗಳನ್ನು ಒರೆಸುತ್ತ ಒಂದೇ ಮಾತು ಕೇಳಿದಿರಿ.

“ನಿಂಗೆ ಮರ ಬೇಡ ಅಂದ್ರೆ ಬಡಗಿನೂ ಬೇಡ ಅಂತಾನೇ ಅಲ್ವಾ?”

“ಹಾಗೇ ಅಂದ್ಕೊಳ್ಳಿ,” ಎಂದೆ. ಸಿಟ್ಟಿಗೆ ಅಂದದ್ದು. ನಾಲ್ಕು ವರ್ಷ ಅದನ್ನೇ ಹಿಡಿದು ಕೂರುತ್ತೀರಿ ಎಂದು ನನಗೇನು ಗೊತ್ತು? ಬಟ್ಟೆಯನ್ನೂ ಒಯ್ಯಲಿಲ್ಲ. ಕಿಟಕಿಗಳನ್ನು ತಳ್ಳುಗಾಡಿಗೆ ಹೇರಿಕೊಂಡು ಹೋದಿರಿ. ನಿಮ್ಮ ಮರಗೆಲಸದ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟು ವರ್ಷಕ್ಕೊಮ್ಮೆ ಎಣ್ಣೆ ಹಚ್ಚುತ್ತೀರಂತೆ, ಮಗಳು ಹೇಳಿದಳು. ಇಲ್ಲಿದ್ದ ಹದಿನೆಂಟು ವರ್ಷದಲ್ಲಿ ಒಂದು ಸಲ ಹಚ್ಚಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ?

ಇರಲಿ. ಹೊಸದಾಗಿ ಮಾಡಿಸಿದ ಕಿಟಕಿ ಲೆಕ್ಕಕ್ಕಿಲ್ಲವಂತೆ, ಅದೇ ಕಿಟಕಿ ಅದೇ ಜಾಗಕ್ಕೆ ಕೂರಬೇಕಂತೆ. ಕೂತರೆ ನಮ್ಮ ಮನೆಯೇ ಇಪ್ಪತ್ತನೆಯದು. ಶನಿವಾರ ಕೊನೆಯ ತಪಾಸಣೆ. ಶುಕ್ರವಾರ ಬೆಳಗ್ಗೆ ಬಂದು ಕೂರಿಸಿಕೊಡಿ. ಬೇರೆಯವರ ಕೈಗೆ ಅವು ಬಗ್ಗುವುದಿಲ್ಲ. ಕೆಲಸಕ್ಕೆ ಬಂದವರಿಗೆಲ್ಲ ಊಟ ಹಾಕುವುದು ಈ ಮನೆಯ ಕ್ರಮ, ನಿಮಗೂ ಹಾಕುತ್ತೇನೆ. ಅದರಲ್ಲಿ ಇಲ್ಲದ ಅರ್ಥ ಹುಡುಕಬೇಡಿ. ಇದು ಬಡಾವಣೆಯ ಕೆಲಸ, ಅಷ್ಟೇ.

ಇಂತಿ,
ಬಡಾವಣೆ ಸಮಿತಿಯ ಕಾರ್ಯದರ್ಶಿ,
ನಿಮ್ಮ ಮಗಳ ತಾಯಿ

ಮ.ವಿ.: ಮಗಳು ಬಾಯಿ ಬಿಡುವ ಮೊದಲು ನಾನೇ ಹೇಳಿಬಿಡುತ್ತೇನೆ. ಕ್ಯಾಷಿಯರು ಸೋಮವಾರವೇ ಪ್ಲಾಸ್ಟಿಕ್ ಹಲಗೆ ಕೀಳಿಸಿದರು. ಒಳಗೆ ಕಂಬಗಳಿಗೆ ಏನೂ ಆಗಿರಲಿಲ್ಲ. ಇಪ್ಪತ್ತು ಮನೆ ಭರ್ತಿಯಾದವು, ಬಡಾವಣೆಗೆ ನಿಮ್ಮ ಕಿಟಕಿ ಬೇಕಿಲ್ಲ. ಅದು ಗೊತ್ತಿದ್ದೂ ನಿನ್ನೆ ನಾಲ್ಕೂ ಅಲ್ಯೂಮಿನಿಯಂ ಕಿಟಕಿ ತೆಗೆಸಿ ಗುಜರಿಯವನಿಗೆ ಕೊಟ್ಟೆ. ಬೆಡ್‌ಶೀಟು ಕಟ್ಟಿಕೊಂಡು ಕೂತಿದ್ದೇನೆ, ಗಾಳಿಗೆ ಒಂದೂ ನಿಲ್ಲುತ್ತಿಲ್ಲ. ಶುಕ್ರವಾರದ ತನಕ ಕಾಯಬೇಡಿ.